ಬೆಲೆ ಭತ್ಯೆಯೂ ಅಕ್ಕನ ನಾಲ್ಕು ಹೆಜ್ಜೆಯೂ

ಫೋರ್ಮನ್ನರನ್ನೂ ಅವರ ಹೆಂಡತಿಯನ್ನೂ ನಾನು ಮೊದಲು ಕಂಡದ್ದು ಒಂದು ಸೋಮವಾರ ಬೆಳಿಗ್ಗೆ, ಶಾಲೆಯ ಆಫೀಸು ಕೋಣೆಯಲ್ಲಿ. ಪರದೇಶದ ಊರು ಅದು. ಹನ್ನೆರಡು ದೇಶಗಳಲ್ಲಿ ಕೆಲಸವಿದ್ದ ಒಂದು ಪಂಪಿನ ಕಂಪನಿ ಆ ಊರಿಗೆ ಕುಡಿಯುವ ನೀರು ತರುವ ಕೆಲಸ ಹಿಡಿದು, ನಮ್ಮ ಮಾತಿನವರ ಒಂಬತ್ತು ಸಂಸಾರಗಳನ್ನು ಅಲ್ಲಿಗೆ ಕರೆಸಿಕೊಂಡಿತ್ತು. ಅವರ ಮಕ್ಕಳಿಗೆಂದು ಒಂದು ಸಂಘದವರು ಮೂರು ಕೋಣೆಯ ಶಾಲೆ ನಡೆಸುತ್ತಿದ್ದರು. ಅಲ್ಲಿ ಪಾಠ ಹೇಳುವವನೂ, ಗಂಟೆ ಬಾರಿಸುವವನೂ, ಫೀಸಿನ ರಸೀತಿ ಹರಿಯುವವನೂ ನಾನೊಬ್ಬನೇ.

ಫೋರ್ಮನ್ನರು ಉದ್ದನೆಯ ಮನುಷ್ಯ, ಬಾಗಿಲಿಗೆ ತಲೆ ತಗಲದ ಹಾಗೆ ಬಗ್ಗಿ ಬಂದು, ಬಗ್ಗಿದ ಹಾಗೆಯೇ ನಿಂತರು. ಹೆಂಡತಿ ಗಿಡ್ಡ. ಅವರ ಕೈ ಹಿಡಿದುಕೊಂಡು ಆರು ವರ್ಷದ ಮಗಳು.

"ಫೀಸು ಎಷ್ಟು ಮೇಷ್ಟ್ರೇ?" ಎಂದು ಆಕೆ ಕೇಳಿದರು.

"ತಿಂಗಳಿಗೆ ನಲವತ್ತು, ತಾಯಿ."

"ನಲವತ್ತಾ! ಮೂರಡಿ ಹುಡುಗಿಗಾ?"

ಫೋರ್ಮನ್ನರು ಹೆಂಡತಿಯ ಕಿವಿಯ ಎತ್ತರಕ್ಕೆ ಇಳಿದು, "ಫೀಸು ಕೊಡೋದು ಕಂಪನಿ ಕಣೇ, ನಾವಲ್ಲ" ಎಂದು ಪಿಸುಗುಟ್ಟಿದರು.

"ಯಾರು ಕೊಟ್ಟರೇನು? ಹಣ ಹಣವೇ ಅಲ್ವಾ? ಮೂವತ್ತು ಮಾಡ್ಕೊಳ್ಳಿ ಮೇಷ್ಟ್ರೇ."

ಇನ್ನೊಬ್ಬರು ಕೊಡುವ ಫೀಸಿಗೆ ಚೌಕಾಸಿ ಮಾಡಿದ ತಾಯಿಯನ್ನು ನನ್ನ ವೃತ್ತಿಜೀವನದಲ್ಲಿ ನಾನು ಕಂಡಿರಲಿಲ್ಲ. ಆಗುವುದಿಲ್ಲವೆಂದೆ. ಆಕೆ ಬೇಸರವನ್ನೇನೂ ತೋರಿಸಲಿಲ್ಲ. ಮಗಳ ಕೈ ಹಿಡಿದು ಬಾಗಿಲ ಕಡೆ ತಿರುಗಿದರು. ಒಂದು ಹೆಜ್ಜೆ, ಎರಡು, ಮೂರು, ನಾಲ್ಕು. ಐದನೆಯದಕ್ಕೆ ಕಾಲೆತ್ತಿದ್ದರು, ಅಷ್ಟರಲ್ಲಿ ನನ್ನ ಬಾಯಿಂದಲೇ, "ಮೂವತ್ತಾರು!" ಎಂಬ ಮಾತು ಹೊರಬಿತ್ತು. ಯಾಕೆ ಬಿತ್ತೆಂದು ಈ ಹೊತ್ತಿಗೂ ನನಗೆ ತಿಳಿಯದು. (ಸಂಘದವರು ಮುಂದೆ ಮೂರು ತಿಂಗಳು ಇದನ್ನೇ ಕೇಳಿದರು.) ಆಕೆ ತಿರುಗಿ ಬಂದು, ನಗುನಗುತ್ತಾ, "ಹಾಗಾದರೆ ಎರಡು ನೋಟ್‌ಬುಕ್ಕು ಸೇರಿಸಿ ಕೊಟ್ಟುಬಿಡಿ" ಎಂದರು. ಕೊಟ್ಟೆ.

ಆಕೆಯನ್ನು ಆ ಬಡಾವಣೆಯವರೆಲ್ಲ 'ಅಕ್ಕ' ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ. ಮುಂದಿನದನ್ನು ಫೋರ್ಮನ್ನರು ಎಷ್ಟೋ ವರ್ಷಗಳಲ್ಲಿ, ಹೆಂಡತಿ ಹತ್ತಿರವಿಲ್ಲದಾಗ, ನನಗೆ ಚೂರುಚೂರಾಗಿ ಹೇಳಿದರು. ಆದ್ದರಿಂದ ಇದು ಹೆಚ್ಚಾಗಿ ಅವರ ಕಡೆಯ ಕಥೆ. ಅಕ್ಕನ ಕಡೆಯದು ಬೇರೆ ಇರಬಹುದು.

ಆ ಕಾಲದ ಕಂಪನಿಗಳು ಪರದೇಶಕ್ಕೆ ಕಳಿಸಿದ ನೌಕರನನ್ನು ಹೊಸ ಅಳಿಯನಂತೆ ನೋಡಿಕೊಳ್ಳುತ್ತಿದ್ದವು. ಮೂಲ ಸಂಬಳ ಇದ್ದೇ ಇರುತ್ತಿತ್ತು. ಅದರ ಮೇಲೆ ಮನೆ ಬಾಡಿಗೆ ಕಂಪನಿಯದು, ಸಾಮಾನು ಸಾಗಿಸುವ ಖರ್ಚು ಕಂಪನಿಯದು, ಮಕ್ಕಳ ಫೀಸು ಕಂಪನಿಯದು, ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಟಿಕೆಟ್ಟು ಕಂಪನಿಯದು. ಧೂಳು, ಸೆಕೆ, ಸೊಳ್ಳೆ ಇರುವ ಊರಾದರೆ 'ಕಷ್ಟ ಭತ್ಯೆ' ಎಂಬುದೊಂದು ಬೇರೆ. (ಈ ಹೆಸರು ಕೇಳಿದ ದಿನ ಅಕ್ಕ, "ಸೆಕೆಯಲ್ಲಿ ಒಲೆ ಮುಂದೆ ನಿಲ್ಲೋದು ನಾನು, ಭತ್ಯೆ ನಿಮ್ಮ ಹೆಸರಿಗಾ?" ಎಂದರಂತೆ.) ಇವೆಲ್ಲಕ್ಕೂ ಕಿರೀಟವಿಟ್ಟಂತೆ ಇದ್ದದ್ದು ಬೆಲೆ ಭತ್ಯೆ. ನೌಕರನು ಸ್ವಂತ ಊರಿನಲ್ಲಿ ಹೇಗೆ ಉಂಡುಟ್ಟು ಇದ್ದನೋ ಪರದೇಶದಲ್ಲಿಯೂ ಹಾಗೆಯೇ ಇರಬೇಕು; ಅಲ್ಲಿ ಸಾಮಾನು ತುಟ್ಟಿಯಾಗಿದ್ದರೆ ಆ ಹೆಚ್ಚಳವನ್ನು ಕಂಪನಿ ತುಂಬಿಕೊಡುತ್ತದೆ. ಬಹಳ ಧರ್ಮದ ಏರ್ಪಾಡು.

ಫೋರ್ಮನ್ನರ ಮನೆಯ ಬೀರುವಿನ ಬಾಗಿಲ ಒಳಬದಿಗೆ ಒಂದು ಚಿತ್ರ ಅಂಟಿಸಿತ್ತು. ದೇವರದಲ್ಲ, ಕಬ್ಬಿಣ ಕಡೆಯುವ ಒಂದು ಲೇತ್ ಯಂತ್ರದ್ದು, ಕ್ಯಾಟಲಾಗಿನಿಂದ ಕತ್ತರಿಸಿದ್ದು. ಇಪ್ಪತ್ತು ವರ್ಷ ಪರರ ಯಂತ್ರಗಳ ಮುಂದೆ ನಿಂತಿದ್ದ ಆ ಮನುಷ್ಯನಿಗೆ, ಊರಿಗೆ ಹಿಂತಿರುಗಿದ ಮೇಲೆ ತನ್ನದೇ ಒಂದು ಲೇತು, ತನ್ನದೇ ಒಂದು ಕೊಟ್ಟಿಗೆ, ತಾನೇ ಯಜಮಾನ, ಇಷ್ಟು ಆಸೆ. ಮೂಲ ಸಂಬಳ ಊರಿನ ಹೊಣೆಗಳಿಗೆ ಹೋಗುತ್ತಿತ್ತು. ಲೇತು ಬರಬೇಕಾದದ್ದು ಬೆಲೆ ಭತ್ಯೆಯಲ್ಲಿ ಉಳಿಸಿದ ಹಣದಿಂದ. ದಿನವೂ ಅಂಗಿ ತೆಗೆಯುವಾಗ ಅವರು ಆ ಚಿತ್ರವನ್ನು ನೋಡಿ, ಲೇತು ಒಂದಂಗುಲ ಹತ್ತಿರ ಬಂದಿತೆಂದು ಲೆಕ್ಕ ಹಾಕುತ್ತಿದ್ದರು.

ಇನ್ನು, ಪರದೇಶದ ಬೆಲೆ ಹೆಡ್ಡಾಫೀಸಿಗೆ ತಿಳಿಯುವುದು ಹೇಗೆ? ಅದಕ್ಕೊಂದು ಪಟ್ಟಿ ಇತ್ತು. ಅರವತ್ತೆರಡು ಸಾಮಾನುಗಳು: ಈರುಳ್ಳಿ, ಟೊಮೇಟೊ, ಮೊಟ್ಟೆ, ಸಾಬೂನು, ಕಾಲುಚೀಲ, ಬೂಟಿನ ಪಾಲಿಷ್ ಇತ್ಯಾದಿ. ಆರು ತಿಂಗಳಿಗೊಮ್ಮೆ ಒಂದೊಂದು ಮನೆಯ ಸರದಿಯ ಮೇಲೆ ಆ ಪಟ್ಟಿ ಬರುತ್ತಿತ್ತು. 'ಮನೆಯ ಯಜಮಾನಿ ತುಂಬತಕ್ಕದ್ದು' ಎಂದು ಮೇಲೆ ಅಚ್ಚಾಗಿರುತ್ತಿತ್ತು. ಫೋರ್ಮನ್ನರ ಮನೆಗಿಂತ ಹಿಂದಿನ ಸರದಿ ಪಕ್ಕದ ಮನೆಯ ಅಕೌಂಟೆಂಟರ ಹೆಂಡತಿಯದು. ಆಕೆ ಊರಿನಲ್ಲಿ ಒಂದೇ ಒಂದಿದ್ದ ಗಾಜಿನ ಬಾಗಿಲ ಅಂಗಡಿಗೆ ಹೋಗಿ, ಒಂದು ಸಾಮಾನನ್ನೂ ಕೊಳ್ಳದೆ, ಚೀಟಿಯ ಮೇಲಿನ ಬೆಲೆಗಳನ್ನು ಬರೆದುಕೊಂಡು ಬಂದಿದ್ದರು. ಆ ಅಂಗಡಿಯಲ್ಲಿ ಒಂದೊಂದು ಟೊಮೇಟೊಗೂ ಒಂದೊಂದು ಕಾಗದದ ಅಂಗಿ ಇರುತ್ತಿತ್ತು. ಒಂಬತ್ತು ಮನೆಗಳ ಬೆಲೆ ಭತ್ಯೆಯೂ ಅದೇ ಟೊಮೇಟೊದಂತೆ ದುಂಡಗಿತ್ತು.

ಮೂರನೆಯ ವರ್ಷ ಸರದಿ ಫೋರ್ಮನ್ನರ ಮನೆಗೆ ಬಂತು. ಆಗ ಅವರು ಎರಡು ವಾರ ನದಿಯ ದಂಡೆಯ ಕೆಲಸದಲ್ಲಿದ್ದರು. ಅಕೌಂಟೆಂಟರ ಹೆಂಡತಿ ಬೇಲಿಯಾಚೆಯಿಂದಲೇ, "ಗಾಜಿನ ಅಂಗಡಿಗೆ ಹೋಗಿ ಬರ್ಕೊಂಡು ಬಂದ್ಬಿಡಿ ಅಕ್ಕಾ, ಅರ್ಧ ಗಂಟೆ ಕೆಲಸ" ಎಂದು ದಾರಿ ತೋರಿಸಿದರು. ಅಕ್ಕ ತಿಂಗಳಿಗೊಮ್ಮೆ ಬರೀ ಬೆಲೆ ನೋಡಿ ಬರುತ್ತಿದ್ದ ಅಂಗಡಿ ಅದು; ಈ ಸಲ ಬರೆದುಕೊಳ್ಳಲು ಹೋಗಿ ಹೌಹಾರಿದರು. ಸಂತೆ ಬೀದಿಯಲ್ಲಿ ತಾವು ಆರಕ್ಕೆ ತರುವ ಟೊಮೇಟೊಗೆ ಅಲ್ಲಿ ಹದಿನೆಂಟು! ಇದನ್ನು ಬರೆದು ಕಳಿಸಿದರೆ ಹೆಡ್ಡಾಫೀಸಿನವರು ತಮ್ಮನ್ನು ಎಂಥ ಹೆಂಗಸೆಂದು ತಿಳಿದಾರು? ಸಂಸಾರ ಮಾಡಲು ಬಾರದವಳು ಎಂದಲ್ಲವೆ?

ಆಕೆಗೆ ಆ ಪಟ್ಟಿ ಒಂದು ಪರೀಕ್ಷೆಯಂತೆ ಕಂಡಿತು. ಹನ್ನೊಂದು ದಿನ ಬೆಳಿಗ್ಗೆ ಚೀಲ ಹಿಡಿದು ಹೊರಟು, ಅರವತ್ತೆರಡಕ್ಕೂ ಚೌಕಾಸಿ ಮಾಡಿ, ಯಾವ ಬೆಲೆಗೆ ಇಳಿಸಿದರೋ ಅದನ್ನೇ ಮುತ್ತು ಪೋಣಿಸಿದಂಥ ಅಂಕಿಗಳಲ್ಲಿ ತುಂಬಿದರು. ಕೊತ್ತಂಬರಿ ಸೊಪ್ಪಿನ ಮುಂದೆ ಬೆಲೆಯೇ ಇರಲಿಲ್ಲ, ಏಕೆಂದರೆ ಅದಕ್ಕೆ ಅವರು ಎಂದೂ ಹಣ ಕೊಟ್ಟವರಲ್ಲ. ಷರಾ ಎಂಬ ಕಾಲಮಿನಲ್ಲಿ 'ಬಿಟ್ಟಿ' ಎಂಬುದನ್ನು ಹೆಡ್ಡಾಫೀಸಿನವರ ಭಾಷೆಯಲ್ಲಿ ಹೇಗೆ ಬರೆಯಬೇಕೆಂದು ನನ್ನನ್ನು ಕೇಳಿ ಬರೆಸಿಕೊಂಡರು. ಆ ಪಾಪದಲ್ಲಿ ನನಗೂ ಪಾಲಿದೆ.

ಒಂದು ತಿಂಗಳಿಗೆ ಉತ್ತರ ಬಂತು. ಒಂಬತ್ತು ಮನೆಗಳ ಬೆಲೆ ಭತ್ಯೆಯಲ್ಲೂ ಐದರಲ್ಲಿ ಎರಡು ಪಾಲು ಕಡಿತ.

"ಏನೇ ಬರೆದೆ ನೀನು?" ಫೋರ್ಮನ್ನರು ಕಾಗದ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಬಗ್ಗಿ ನಿಂತರು.

"ಇದ್ದದ್ದನ್ನ ಬರೆದೆ. ಯಾಕೆ, ತಪ್ಪಿದೆಯಾ?"

"ತಪ್ಪಿಲ್ಲ, ಅದೇ ತಪ್ಪು! ನೀನು ಕೊಳ್ಳೋ ಬೆಲೆ ಯಾರು ಕೇಳಿದ್ರು? ಅಂಗಡಿಯವನು ಹೇಳೋ ಬೆಲೆ ಕೇಳಿದ್ದು ಅವರು!"

"ಅವನು ಬಾಯಿಗೆ ಬಂದದ್ದು ಹೇಳ್ತಾನೆ. ಅದನ್ನ ಬೆಲೆ ಅಂತಾರಾ?"

"ಕೊತ್ತಂಬರಿ ಬಿಟ್ಟಿ ಅಂತ ಬರೆದಿದ್ದೀಯಲ್ಲೇ! ಇನ್ನು ಅವರು ನಮಗೆ ಅನ್ನಾನೂ ಬಿಟ್ಟಿ ಸಿಗುತ್ತೆ ಅಂದ್ಕೊಂಡಿರ್ತಾರೆ."

"ಸುಳ್ಳು ಬರೀಬೇಕಿತ್ತು ಅನ್ನಿ, ಒಪ್ಕೋತೀನಿ" ಎಂದು ಅಕ್ಕ ಸೌಟನ್ನು ಪಾತ್ರೆಯ ಮೇಲಿಟ್ಟರು. ಫೋರ್ಮನ್ನರು ಹಾಗೆ ಅನ್ನಲಾರದೆ ಒಳಗೆ ಹೋಗಿ ಬೀರುವಿನ ಬಾಗಿಲು ತೆರೆದರು. ಲೇತು ಒಂದು ಮೈಲಿ ದೂರ ಓಡಿಹೋಗಿತ್ತು.

ಅವರೊಬ್ಬರ ಲೇತು ಓಡಿಹೋಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಅಕೌಂಟೆಂಟರ ಮನೆಯ ಹೊಸ ಸೋಫಾ, ಡ್ರಾಫ್ಟ್ಸ್‌ಮನ್ನರ ತಂಗಿಯ ಮದುವೆಯ ಉಂಗುರ, ಸ್ಟೋರ್‌ಕೀಪರರ ಮೋಟಾರು ಸೈಕಲ್ಲು, ಎಲ್ಲವೂ ಅದರ ಹಿಂದೆಯೇ ಓಡಿದ್ದವು. ಎಂಟು ಮನೆಗಳ ಬಾಗಿಲು ಅಕ್ಕನನ್ನು ಕಂಡರೆ ಮುಚ್ಚತೊಡಗಿದವು. ಒಂದು ಲೋಟ ಸಕ್ಕರೆ ಕೇಳಿದರೆ, "ಬಿಟ್ಟಿ ಸಿಗುತ್ತಲ್ಲ ಅಕ್ಕಾ, ಸಂತೆ ಬೀದಿಯಲ್ಲಿ" ಎಂಬ ಉತ್ತರ. ಅಕೌಂಟೆಂಟರ ಹೆಂಡತಿಯಂತೂ ಬಟ್ಟೆ ಒಣಗಿಸುವ ಹಗ್ಗವನ್ನೇ ಹಿತ್ತಲಿಗೆ ತಿರುಗಿಸಿ ಕಟ್ಟಿಕೊಂಡರು. ಸಂಜೆಯ ಹೊತ್ತು ಬೇಲಿಯ ಹತ್ತಿರ ನಡೆಯುತ್ತಿದ್ದ ಹೆಂಗಸರ ಮಾತುಕತೆ, ಅಕ್ಕ ಹೊರಗೆ ಬಂದೊಡನೆ, ನಲ್ಲಿ ತಿರುಗಿಸಿದಂತೆ ನಿಲ್ಲುತ್ತಿತ್ತು. ಅಕ್ಕ ಗಿಡಗಳಿಗೆ ಎರಡೆರಡು ಸಲ ನೀರು ಹಾಕುವುದನ್ನು ಫೋರ್ಮನ್ನರು ಕಿಟಕಿಯಿಂದ ನೋಡುತ್ತಿದ್ದರು.

ಆಗ ಅವರಿಗೊಂದು ಉಪಾಯ ಹೊಳೆಯಿತು. (ಫೋರ್ಮನ್ನರಿಗೆ ಪಂಪಿನ ವಿಷಯದಲ್ಲಿ ಹೊಳೆಯುತ್ತಿದ್ದ ಉಪಾಯಗಳು ಎಂದೂ ಸೋತದ್ದಿಲ್ಲ. ಉಳಿದ ವಿಷಯಗಳ ಮಾತು ಬೇಡ.) ತಾವೇ ಗಾಜಿನ ಅಂಗಡಿಗೆ ಹೋಗಿ ಹೊಸ ಪಟ್ಟಿ ತಯಾರಿಸಿದರು, ಅಲ್ಲಿಯ ಬೆಲೆಯೂ ಸಾಲದೆನಿಸಿ ಅಲ್ಲಲ್ಲಿ ಒಂದೆರಡು ಸೇರಿಸಿದರು. 'ಹಿಂದಿನ ಪಟ್ಟಿಯಲ್ಲಿ ಕಣ್ತಪ್ಪಾಗಿದೆ, ಮರುಪರಿಶೀಲನೆಯಾಗಲಿ' ಎಂದು ಕಳಿಸಿದರು. ಹೆಡ್ಡಾಫೀಸು ಭತ್ಯೆ ಕಳಿಸಲಿಲ್ಲ, ಒಬ್ಬ ಅಧಿಕಾರಿಯನ್ನು ಕಳಿಸಿತು. ಊರೂರು ತಿರುಗಿ ಬೆಲೆ ಬರೆದುಕೊಳ್ಳುವುದೇ ಅವರ ಉದ್ಯೋಗವಾದ್ದರಿಂದ ಎಲ್ಲರೂ ಅವರನ್ನು 'ಬೆಲೆ ಸಾಹೇಬರು' ಎನ್ನುತ್ತಿದ್ದರು. ನಮ್ಮ ಮಾತಿನವರೇ, ಹೆಡ್ಡಾಫೀಸಿನಲ್ಲಿ ಬಹುಕಾಲ ಇದ್ದು ಮಾತಿಗೆ ಸ್ವಲ್ಪ ತುಕ್ಕು ಹಿಡಿದಿತ್ತು, ಅಷ್ಟೆ. ಪಟ್ಟಿ ತುಂಬಿದ ಯಜಮಾನಿಯ ಜೊತೆ ತಾವೂ ಸಂತೆಗೆ ಬರುವುದಾಗಿ ಅವರು ಬರೆದಿದ್ದರು.

ಫೋರ್ಮನ್ನರು ಹಿಂದಿನ ದಿನ ಅಡುಗೆಮನೆಯಲ್ಲಿ ಒಂದು ತಾಲೀಮು ಏರ್ಪಡಿಸಿದರು. ಮಣೆಯ ಮೇಲೆ ನಾಲ್ಕು ಟೊಮೇಟೊ ಇಟ್ಟು, ತಾವೇ ತರಕಾರಿಯವರಾಗಿ ಕುಕ್ಕರಗಾಲಲ್ಲಿ ಕುಳಿತರು.

"ಕೇಳು. ನಾನು ಹದಿನಾಲ್ಕು ಅಂತೀನಿ. ನೀನು ಏನೂ ಮಾತಾಡದೆ ಹದಿನಾಲ್ಕು ಕೊಡಬೇಕು. ಗೊತ್ತಾಯ್ತಾ? ತಗೊಳ್ಳಿ ತಾಯಿ, ಹದಿನಾಲ್ಕು."

"ಈ ಮೆತ್ತಗಿರೋದಕ್ಕಾ?"

"ಅಯ್ಯೋ, ಮಾತಾಡಬಾರದು ಅಂದ್ನಲ್ಲೇ! ಇನ್ನೊಂದು ಸಲ. ಹದಿನಾಲ್ಕು."

ಅಕ್ಕ ಕಣ್ಣು ಮುಚ್ಚಿಕೊಂಡು ಹಣ ನೀಡಿದರು. ಕೊನೆಯ ಗಳಿಗೆಯಲ್ಲಿ ಬೆರಳು ಬಿಡಲಿಲ್ಲ. ಫೋರ್ಮನ್ನರು ಎಳೆದು ತೆಗೆದುಕೊಳ್ಳಬೇಕಾಯಿತು. ಹೀಗೆ ಹನ್ನೆರಡು ಸಲವಾದ ಮೇಲೆ ಮಗಳ ತಲೆ ಮುಟ್ಟಿ ಅಕ್ಕ ಮಾತು ಕೊಟ್ಟರು: ನಾಳೆ ಒಂದು ದಿನ ಬಾಯಿ ತೆರೆಯುವುದಿಲ್ಲ.

ಮರುದಿನ ಬೆಳಿಗ್ಗೆ ಮೂವರೂ ಸಂತೆ ಬೀದಿಗೆ ಹೋದರು. ಮುಂದೆ ಅಕ್ಕ, ಹಿಂದೆ ಪುಸ್ತಕ ಪೆನ್ಸಿಲ್ ಹಿಡಿದ ಬೆಲೆ ಸಾಹೇಬರು, ಅವರ ಹಿಂದೆ ಎರಡು ಚೀಲ ಹಿಡಿದ ಫೋರ್ಮನ್ನರು. ಮೊದಲ ಅಂಗಡಿ ಒಬ್ಬ ತರಕಾರಿ ಅಜ್ಜಿಯದು. ಅಕ್ಕ ಟೊಮೇಟೊ ತೂಗಿಸಿದರು. ಅಜ್ಜಿ ತನ್ನ ಭಾಷೆಯಲ್ಲಿ ಹನ್ನೆರಡು ಎಂದಳು. ಅಕ್ಕ ತುಟಿ ಬಿಗಿದು ಹನ್ನೆರಡನ್ನು ಎಣಿಸಿ ಮುಂದೆ ಹಿಡಿದರು. ಫೋರ್ಮನ್ನರು ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿದರು.

ಅಜ್ಜಿ ಹಣ ಮುಟ್ಟಲಿಲ್ಲ. ಅಕ್ಕನ ಮುಖವನ್ನು ಕೆಳಗಿನಿಂದ ಇಣುಕಿ ನೋಡಿದಳು.

"ಏನಾಯ್ತು ನಿನಗೆ? ಮನೇಲಿ ಎಲ್ಲರೂ ಚೆನ್ನಾಗಿದ್ದಾರಾ?"

ಅಕ್ಕ ತಲೆ ಆಡಿಸಿದರು.

"ನನ್ನ ಮೇಲೆ ಕೋಪಾನಾ? ಮೊನ್ನೆ ಕೊಟ್ಟ ಬದನೆಕಾಯಿ ಹುಳುಕಾಗಿತ್ತಾ? ಮಾತಾಡು ಮಗಳೇ. ಹತ್ತು ಕೊಡು, ಸಾಕು."

ಅಕ್ಕ ಹನ್ನೆರಡನ್ನೇ ಹಿಡಿದು ನಿಂತರು. ಕಣ್ಣಲ್ಲಿ ನೀರು ತುಂಬಿತ್ತು. (ಹಣ ಹೋಗುತ್ತದಲ್ಲ ಎಂಬ ಸಂಕಟ ಅದು.) ಅಜ್ಜಿಗೆ ಅದು ಬೇರೆಯಾಗಿಯೇ ಕಂಡಿತು.

"ಎಂಟು! ಏಳು! ಹೋಗಲಿ, ಐದು ಕೊಟ್ಟುಬಿಡು, ಅಳಬೇಡ" ಎನ್ನುತ್ತಾ ಅಜ್ಜಿ ತಾನೇ ಐದನ್ನು ಆರಿಸಿಕೊಂಡು, ಉಳಿದದ್ದನ್ನು ಅಕ್ಕನ ಮುಷ್ಟಿಯಲ್ಲಿಟ್ಟು ಮುಚ್ಚಿದಳು. ಒಂದು ಕಟ್ಟು ಕೊತ್ತಂಬರಿಯನ್ನು ಚೀಲಕ್ಕೆ ತುರುಕಿದಳು. ಅಕ್ಕ ಬಾಯಿಬಿಟ್ಟು ಚೌಕಾಸಿ ಮಾಡುತ್ತಿದ್ದ ದಿನಗಳಲ್ಲಿ ಆ ಟೊಮೇಟೊ ಆರಕ್ಕಿಂತ ಕೆಳಗೆ ಇಳಿದದ್ದೇ ಇಲ್ಲ.

ಬೆಲೆ ಸಾಹೇಬರು ಪೆನ್ಸಿಲ್ ನೆಕ್ಕಿ ಬರೆದುಕೊಂಡರು: ಐದು.

ಮೊಟ್ಟೆಯವನು, ಈರುಳ್ಳಿಯವನು, ಸಾಬೂನಿನವನು, ಎಲ್ಲರದೂ ಇದೇ ಕಥೆ. ಅಕ್ಕನಿಗೆ ಕಾಯಿಲೆಯೆಂಬ ಸುದ್ದಿ ಬೀದಿಯಲ್ಲಿ ಅವರಿಗಿಂತ ಮುಂದೆ ಓಡುತ್ತಿತ್ತು. ಮೂರು ವರ್ಷ ದಿನವೂ ಬಂದು ಜಗಳವಾಡಿ ನಗಿಸಿ ಹೋಗುತ್ತಿದ್ದ ಹೆಂಗಸು ಈ ಹೊತ್ತು ಮಾತಿಲ್ಲದೆ ಹಣ ಕೊಡುತ್ತಿದ್ದಾಳೆಂದರೆ ಅವರು ತಕ್ಕಡಿ ಕೆಳಗಿಟ್ಟು ಎದ್ದುಬರುತ್ತಿದ್ದರು. ಕಾಲುಚೀಲದವನು ಕೂರಲು ತನ್ನ ಸ್ಟೂಲನ್ನೇ ಕೊಟ್ಟ. ಬೆಲೆಗಳು ತಮಗೆ ತಾವೇ ಇಳಿದುಕೊಳ್ಳುತ್ತಿದ್ದವು.

ಫೋರ್ಮನ್ನರು ಬೆವರಿದರು. "ಸಾರ್, ಗಾಜಿನ ಅಂಗಡಿ ಒಂದಿದೆ, ಅಲ್ಲಿ ಬೆಲೆ ಚೀಟಿಯ ಮೇಲೇ ಬರೆದಿರುತ್ತೆ, ಅದನ್ನ ನೋಡಲೇಬೇಕು" ಎಂದು ಸಾಹೇಬರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೋದರು. ಅಂಗಡಿಯೊಳಗೆ 'ಒಂದೇ ಬೆಲೆ' ಎಂದು ಆಳೆತ್ತರದ ಹಲಗೆ. ಬೂಟಿನ ಪಾಲಿಷ್ ಡಬ್ಬಿ ತೆಗೆದುಕೊಂಡು ಅಕ್ಕ ಚೀಟಿಯ ಮೇಲಿದ್ದ ಹದಿನೈದನ್ನು ಮೇಜಿನ ಮೇಲಿಟ್ಟದ್ದೇ ತಡ, ಒಳಗಿನಿಂದ ಮ್ಯಾನೇಜರು ಓಡಿಬಂದ.

"ಅಕ್ಕಾ! ಮೂರು ವರ್ಷದಿಂದ ತಿಂಗಳಿಗೊಂದು ಸಲ ಬರ್ತೀರಿ, ಬೆಲೆ ನೋಡ್ತೀರಿ, ನಾಲ್ಕು ಹೆಜ್ಜೆ ಇಟ್ಟು ಹೊರಗೆ ಹೋಗ್ತೀರಿ. ಇವತ್ತು ನಮ್ಮಲ್ಲಿ ಕೊಂಡ್ಕೊಂಡ್ರಾ! ನಿಮ್ಮ ಹತ್ರ ಪೂರ್ತಿ ತಗೊಳ್ಳೋಕಾಗುತ್ತಾ? ಒಂಬತ್ತು ಕೊಡಿ."

ಬೆಲೆ ಸಾಹೇಬರು ಹಲಗೆಯನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿ, ಪೆನ್ಸಿಲ್ ನೆಕ್ಕಿದರು.

ಮನೆಗೆ ಬಂದು ಸಾಹೇಬರು ಕುರ್ಚಿಯಲ್ಲಿ ಕುಳಿತು ಎರಡು ಪಟ್ಟಿಗಳನ್ನೂ ಮೇಜಿನ ಮೇಲೆ ಹರಡಿದರು. ಅಕ್ಕ ಚಹಾ ಮಾಡಲು ಒಳಗೆ ಹೋದರು.

"ಈ ಎರಡನೆಯದನ್ನ ತುಂಬಿದ್ದು ಯಾರು?"

"ನಾನೇ ಸಾರ್."

"ಈ ಬೆಲೆಗೆ ಕೊಂಡ ಸಾಮಾನು ಎಲ್ಲಿದೆ?"

"ಕೊಂಡಿಲ್ಲ ಸಾರ್."

ಸಾಹೇಬರು ಬೈಯಲಿಲ್ಲ. ಆ ಕಾಗದವನ್ನು ನೀಟಾಗಿ ಮಡಿಸಿ ಫೋರ್ಮನ್ನರಿಗೇ ಹಿಂದಿರುಗಿಸಿದರು. ಇಂಥ ಯಜಮಾನಿಯನ್ನು ಹನ್ನೆರಡು ದೇಶಗಳಲ್ಲಿ ಕಂಡಿಲ್ಲವೆಂದೂ, ಇನ್ನು ಮುಂದೆ ಪಟ್ಟಿಯಲ್ಲಿ 'ಜಾಣ ಗ್ರಾಹಕರ ದರ' ಎಂಬ ಹೊಸ ಕಾಲಮು ಸೇರಿಸಿ, ಎಲ್ಲ ದೇಶಗಳ ನೌಕರರಿಗೂ ಅದನ್ನು ಗಣನೆಗೆ ತೆಗೆದುಕೊಳ್ಳಲು ಶಿಫಾರಸು ಮಾಡುವುದಾಗಿಯೂ ಹೇಳಿದರು. ಆಗಿನವರೆಗೆ ಒಂಬತ್ತು ಮನೆಗಳಿಗಿದ್ದ ಹಾನಿ ಹನ್ನೆರಡು ದೇಶಗಳಿಗೆ ವ್ಯಾಪಿಸಿತು.

"ನಮ್ಮ ಹೆಂಗಸರು ಹೀಗೆ ಸಾರ್, ಏನು ಮಾಡೋದು" ಎಂದು ಫೋರ್ಮನ್ನರು ನಿಟ್ಟುಸಿರು ಬಿಟ್ಟರು. "ಮೂರು ವರ್ಷದಿಂದ ಒಂದು ಲೇತು ಕೊಳ್ಳೋಣ ಅಂತಿದ್ದೆ. ಎಲ್ಲ ಟೊಮೇಟೊದಲ್ಲಿ ಹೋಯ್ತು."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಟೊಮೇಟೊದಲ್ಲಿ ಹೋದದ್ದು ಎಷ್ಟು ಮಹಾ? ನಿಮ್ಮನ್ನ ಇಲ್ಲಿಗೆ ಕಳಿಸೋ ಮುಂಚೆ ಕೊಟ್ಟ ಪತ್ರದ ಕೊನೇ ಸಾಲು ಓದಿದ್ರಾ? 'ಷರತ್ತುಗಳ ಬಗ್ಗೆ ಮಾತಾಡುವುದಿದ್ದರೆ ಹದಿನೈದು ದಿನದೊಳಗೆ ತಿಳಿಸಿ' ಅಂತ ಇತ್ತು. ಮಿಕ್ಕ ಎಂಟು ಜನಾನೂ ತಿಳಿಸಿದ್ರು. ಎಲ್ಲರಿಗೂ ಮೂಲ ಸಂಬಳದಲ್ಲಿ ಎರಡು ಮೆಟ್ಟಿಲು ಏರಿಸಿ ಕೊಟ್ಟಿದ್ದೀವಿ. ನೀವೊಬ್ಬರೇ ಪತ್ರ ಬಂದ ದಿನವೇ ಸಹಿ ಹಾಕಿ, ಅದೇ ಸಂಜೆ ಟಪಾಲಿಗೆ ಹಾಕಿದ್ದು. ಯಾರಪ್ಪಾ ಈ ಪುಣ್ಯಾತ್ಮ ಅಂತ ಆಫೀಸಿನಲ್ಲಿ ನಾವೆಲ್ಲ ನಿಮ್ಮ ಹೆಸರನ್ನ ಎರಡು ಸಲ ಓದಿದ್ವಿ."

ಫೋರ್ಮನ್ನರು ಮನಸ್ಸಿನಲ್ಲೇ ಗುಣಿಸಿದರು. ತಿಂಗಳಿಗೆ ಎರಡು ಮೆಟ್ಟಿಲು, ಮೂವತ್ತಾರು ತಿಂಗಳು. ಒಂದು ಲೇತು ಬಂದು, ಇನ್ನೊಂದರ ಅರ್ಧ ಬರುತ್ತಿತ್ತು. ತಲೆಯೆತ್ತಿ ನೋಡಿದರೆ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ಅಕ್ಕ ನಿಂತಿದ್ದರು.

ಆಕೆ ಸಾಹೇಬರಿಗೆ ಚಹಾ ಕೊಟ್ಟು, ಗೇಟಿನವರೆಗೆ ಹೋಗಿ ಕಳಿಸಿ ಬಂದರು. ಆಮೇಲೆ ಬಿರುಗಾಳಿ ಏಳುತ್ತದೆಂದು ಫೋರ್ಮನ್ನರು ಕುರ್ಚಿಯ ಕೈ ಹಿಡಿದು ಕುಳಿತರು. ಅಕ್ಕ ಎದುರಿಗೆ ಬಂದು ಕುಳಿತು, ಮೆಲ್ಲಗೆ ಕೇಳಿದರು:

"ಬದನೆಕಾಯಿ ಕೊಳ್ಳೋವಾಗಲೂ ಒಂದು ಮಾತು ಆಡ್ತಾರಲ್ರೀ. ನಿಮ್ಮನ್ನ ಕೊಂಡಾಗ ನೀವು ಒಂದು ಮಾತೂ ಆಡಲಿಲ್ವಾ?"

"ಕೇಳೋಕೆ ನಾಚಿಕೆ ಆಯ್ತು ಕಣೇ. ನನ್ನಂಥವನನ್ನ ಆರಿಸಿದ್ರಲ್ಲ, ಅದೇ ಹೆಚ್ಚು ಅನ್ನಿಸ್ತು."

"ನಿಮ್ಮಂಥವನು ಅಂದ್ರೆ ಏನು? ಈ ಊರಿನ ನಲ್ಲೀಲಿ ನೀರು ಬರ್ತಿರೋದು ಯಾರಿಂದ, ಆ ಅಕೌಂಟೆಂಟರಿಂದಾನಾ?"

ಫೋರ್ಮನ್ನರು ಸಾಹೇಬರು ಮಡಿಸಿಕೊಟ್ಟ ಪಟ್ಟಿಯನ್ನು ಜೇಬಿಗೆ ಸೇರಿಸಿದರು. ಅಕ್ಕನೇ ಮುಂದುವರಿಸಿದರು: "ನಾನು ಚೌಕಾಸಿ ಮಾಡೋದು ಬರೀ ಹಣಕ್ಕೆ ಅಂದ್ಕೊಂಡಿದ್ದೀರಾ? ಹಗಲೆಲ್ಲ ನೀವು ನದಿ ಹತ್ರ ಇರ್ತೀರಿ, ಅವಳು ಶಾಲೇಲಿರ್ತಾಳೆ. ಈ ಊರಿನ ಭಾಷೆ ಕೇಳಿದ್ರೆ ತಿಳಿಯುತ್ತೆ, ಆಡೋಕೆ ನನಗೆ ಬರೋದೇ ಅಂಕಿಗಳು, ಬೇಡ, ಇದಕ್ಕಾ, ಇಷ್ಟೇ. ಅಷ್ಟರಲ್ಲೇ ಆ ಅಜ್ಜಿ ಹತ್ರ ಅರ್ಧ ಗಂಟೆ ಮಾತಾಡ್ತೀನಿ. ಇವತ್ತು ಮಾತಿಲ್ಲದೆ ಹಣ ಕೊಟ್ಟು ಬಂದಾಗಲೇ ನನಗೆ ಈ ಊರು ಪರದೇಶ ಅನ್ನಿಸಿದ್ದು."

ಬೆಲೆ ಭತ್ಯೆಯ ಪಟ್ಟಿಯಲ್ಲಿ ಇದಕ್ಕೆ ಕಾಲಮು ಇರಲಿಲ್ಲ. ಅಷ್ಟು ಕಾಲವಾದ ಮೇಲೂ ಫೋರ್ಮನ್ನರು ಈ ಮಾತನ್ನು ನನಗೆ ಹೇಳುವಾಗ ಬೇರೆ ಕಡೆ ನೋಡಿಕೊಂಡು ಹೇಳಿದರು.

ಮರುದಿನ ಅಕ್ಕ ಹೇಳಿದಂತೆ ಫೋರ್ಮನ್ನರು ಹೆಡ್ಡಾಫೀಸಿಗೆ ಕಾಗದ ಬರೆದರು: ತಮಗೂ ಎರಡು ಮೆಟ್ಟಿಲು ಬೇಕು, ಇಲ್ಲವಾದರೆ ವಾಯಿದೆ ಮುಗಿದೊಡನೆ ಊರಿಗೆ ಹೊರಡುವುದು. 'ಹೊರಡುವುದು' ಎಂದು ಬರೆಯುವಾಗ ಪೆನ್ನು ಅಲ್ಲೇ ನಿಂತು ಕಾಗದದ ಮೇಲೆ ಮಸಿ ಬಿತ್ತು. "ಅದು ನಾಲ್ಕನೇ ಹೆಜ್ಜೆ, ಇಟ್ಟುಬಿಡಿ" ಎಂದರು ಅಕ್ಕ. ಕಂಪನಿ ಒಂದು ಮೆಟ್ಟಿಲು ಕೊಟ್ಟಿತು. ಫೋರ್ಮನ್ನರಿಗೆ ಅದೇ ಆಶ್ಚರ್ಯ. ಅಕ್ಕನಿಗೆ, ಐದನೆಯ ಹೆಜ್ಜೆಯವರೆಗೂ ಕಾದಿದ್ದರೆ ಇನ್ನೊಂದೂ ಬರುತ್ತಿತ್ತೆಂಬ ಕೊರಗು ಈಗಲೂ ಇದೆ.

ಭತ್ಯೆ ಕಡಿಮೆಯಾದ ಎಂಟು ಮನೆಯ ಹೆಂಗಸರು ಎಷ್ಟು ದಿನ ಮುನಿಸಿಕೊಂಡಿದ್ದಾರು? ಗಾಜಿನ ಅಂಗಡಿಯ ಟೊಮೇಟೊ ಕೈಗೆ ಎಟುಕದಾದಾಗ ಮೊದಲು ಬಂದವರು ಅಕೌಂಟೆಂಟರ ಹೆಂಡತಿಯೇ. "ಅಕ್ಕಾ, ನಿಮ್ಮ ಜೊತೆ ಸಂತೆಗೆ ಬರ್ಲಾ?" ಒಂದು ತಿಂಗಳಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆ ಒಂಬತ್ತು ಹೆಂಗಸರ ಸೈನ್ಯ ಚೀಲ ಹಿಡಿದು ಹೊರಡುತ್ತಿತ್ತು. ಒಂಬತ್ತು ಜನ ಒಟ್ಟಿಗೆ ನಾಲ್ಕು ಹೆಜ್ಜೆ ಇಟ್ಟರೆ ಅಂಗಡಿಯವನ ಎದೆಬಡಿತ ಏನಾಗಿರಬೇಡ!

ಇದೆಲ್ಲ ಮೂವತ್ತು ವರ್ಷದ ಹಿಂದಿನ ಮಾತು. ಫೋರ್ಮನ್ನರ ಸಂಸಾರ ಹಿಂತಿರುಗಿತು, ನಾನೂ ಹಿಂತಿರುಗಿದೆ. ಈಗ ಅವರ ಮನೆಗೂ ನನ್ನದಕ್ಕೂ ನಡುವೆ ಎರಡು ಬೀದಿ. ಆ ಆರು ವರ್ಷದ ಹುಡುಗಿ ಅಪ್ಪನಂತೆ ಪಂಪಿನ ಕೆಲಸವನ್ನೇ ಕಲಿತಳು. ಹೋದ ವರ್ಷ ಅದೇ ಕಂಪನಿ (ಹೆಸರು ಮಾತ್ರ ಎರಡು ಸಲ ಬದಲಾಗಿದೆ) ಅವಳನ್ನು ಇನ್ನೊಂದು ದೇಶಕ್ಕೆ ಕರೆಯಿತು. ಪತ್ರ ಫೋನಿಗೇ ಬಂದಿತ್ತು. ಒಂದೇ ಪುಟ. ಫೋರ್ಮನ್ನರು ಕನ್ನಡಕ ಹಾಕಿಕೊಂಡು ಅದನ್ನು ಬೆರಳಿನಿಂದ ಮೇಲೆ ಕೆಳಗೆ ತಳ್ಳಿ ನೋಡಿದರು.

"ಬೆಲೆ ಭತ್ಯೆ ಎಲ್ಲಿ? ಕಷ್ಟ ಭತ್ಯೆ? ಉಳಿದ ಪುಟ ಬಂದಿಲ್ಲ ಅನ್ಸುತ್ತೆ ನೋಡು."

"ಅದೆಲ್ಲ ಈಗಿಲ್ಲಪ್ಪ. ಅಲ್ಲಿಯವರಿಗೆ ಎಷ್ಟೋ ನನಗೂ ಅಷ್ಟೇ. ಮೊದಲ ಮೂರು ತಿಂಗಳು ಬಾಡಿಗೆ ಕೊಡ್ತಾರೆ, ಆಮೇಲೆ ನನ್ನದೇ."

"ಟೊಮೇಟೊ ಬೆಲೆ ಕೇಳೋಕೆ ಯಾರೂ ಬರಲ್ವಾ?"

"ಯಾವ ಊರಲ್ಲಿ ಟೊಮೇಟೊಗೆ ಎಷ್ಟು ಅಂತ ಕಂಪ್ಯೂಟರಿಗೇ ಗೊತ್ತಿರುತ್ತೆ."

ಫೋರ್ಮನ್ನರಿಗೆ ಮೊದಲು ಕೋಪ ಬಂತು. ಆಮೇಲೆ ನದಿಯ ದಂಡೆಯ ಫಿಟ್ಟರನೊಬ್ಬ ನೆನಪಿಗೆ ಬಂದ. ಆ ಊರಿನವನೇ; ಒಂದೇ ಪಂಪಿನ ಎರಡು ಕಡೆ ಇಬ್ಬರೂ ಸ್ಪ್ಯಾನರ್ ಹಿಡಿದು ಕೂರುತ್ತಿದ್ದರು. ಫೋರ್ಮನ್ನರ ಸಂಬಳದ ಐದರಲ್ಲಿ ಒಂದು ಪಾಲೂ ಅವನಿಗಿರಲಿಲ್ಲ. ಧೂಳು ಇಬ್ಬರ ಮೂಗಿಗೂ ಒಂದೇ ಆಗಿತ್ತು. ಕಷ್ಟ ಭತ್ಯೆ ಮಾತ್ರ ಒಂದೇ ಮೂಗಿಗೆ. ಈಗಿನದು ಸರಿಯೋ ಆಗಿನದು ಸರಿಯೋ ಎಂದು ಅವರು ನನ್ನನ್ನು ಕೇಳಿದರು. ಬದುಕೆಲ್ಲ ಮಕ್ಕಳನ್ನು ಪ್ರಶ್ನೆ ಕೇಳಿದವನು ನಾನು.

ಅಕ್ಕ ಮಾತ್ರ ಮಗಳಿಗೆ, "ಎಲ್ಲರಿಗೂ ಒಂದೇ ಅನ್ನೋದು ನ್ಯಾಯವೇ. ಆದರೂ ಸಹಿ ಹಾಕೋಕೆ ಮುಂಚೆ ಒಂದು ಮಾತು ಕೇಳು. ನಿಮ್ಮಪ್ಪನ ಹಾಗೆ ಮಾಡ್ಬೇಡ" ಎಂದರು.

"ಯಾರನ್ನ ಕೇಳೋದಮ್ಮ? ಮನುಷ್ಯರೇ ಇಲ್ಲ, ಬರೀ ಮೇಲ್ ವಿಳಾಸ."

"ಅಂಗಡಿ ಅಂದ ಮೇಲೆ ಒಳಗೆ ಒಬ್ಬ ಇದ್ದೇ ಇರ್ತಾನೆ. ಕೇಳಿ ಸುಮ್ಮನಿರು. ದಿನಕ್ಕೊಂದು ಹೆಜ್ಜೆ."

ಮಗಳು ಕೇಳಿ ಬರೆದಳು. ಒಂದು ದಿನ, ಎರಡು, ಮೂರು, ನಾಲ್ಕು. ಐದನೆಯ ದಿನ ಬೆಳಿಗ್ಗೆ ಫೋನು ಮಾಡಿದ್ದು ಒಬ್ಬ ಮನುಷ್ಯನೇ. ಮೂರು ತಿಂಗಳ ಬಾಡಿಗೆ ಆರು ತಿಂಗಳದ್ದಾಯಿತು. ಅಕ್ಕ ಪಕ್ಕದಲ್ಲಿ ಕುಳಿತು ಎರಡು ಬೆರಳು ತೋರಿಸುತ್ತಿದ್ದರಂತೆ. ವರ್ಷಕ್ಕೆ ಎರಡು ಸಲ ಊರಿಗೆ ಬಂದುಹೋಗುವ ಟಿಕೆಟ್ಟೂ ಸೇರಿತು.

ಲೇತಿನ ಮಾತು ಮರೆತೆ. ಫೋರ್ಮನ್ನರು ಹಿಂತಿರುಗಿದ ವರ್ಷವೇ ಅದನ್ನು ಕೊಂಡರು, ಹಳೆಯದೊಂದನ್ನು. ಮಾರಿದವನು ಹೇಳಿದ ಬೆಲೆಯ ಅರ್ಧಕ್ಕೆ ಬಂತು, ಜೊತೆಗೆ ಒಂದು ಪೆಟ್ಟಿಗೆ ಉಪಕರಣ. ಬೆಲೆ ಇಳಿಸಿದವರು ಯಾರೆಂದು ಹೇಳಬೇಕಾಗಿಲ್ಲ. ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಅದು ಈಗಲೂ ಗುಂಯ್‌ಗುಡುತ್ತದೆ. ಬೀದಿಯವರು ನಲ್ಲಿ, ತಿರುಪು, ಹೊಲಿಗೆ ಯಂತ್ರದ ಚಕ್ರ ತರುತ್ತಾರೆ. ಫೋರ್ಮನ್ನರು ಹೊಸದರಂತೆ ಮಾಡಿಕೊಡುತ್ತಾರೆ. "ಎಷ್ಟು ಕೊಡಲಿ?" ಎಂದು ಕೇಳಿದರೆ ಮಾತ್ರ ಬಾಯಿ ಕಟ್ಟುತ್ತದೆ. ಒಳಗಡೆ ನೋಡುತ್ತಾರೆ. ಕಿಟಕಿಯಿಂದ ಬೆಲೆ ಹೊರಬರುತ್ತದೆ.

ಮೊನ್ನೆ ನನ್ನ ಊರುಗೋಲಿನ ತುದಿ ಸವೆದಿತ್ತು. ತೆಗೆದುಕೊಂಡು ಹೋದೆ. ಫೋರ್ಮನ್ನರು ಹಿತ್ತಾಳೆಯ ಒಂದು ಚಂದದ ಟೊಪ್ಪಿ ಕಡೆದು ಕೂರಿಸಿದರು. ಎಷ್ಟೆಂದು ಕೇಳಿದೆ. ಅವರು ಕಿಟಕಿ ನೋಡಿದರು.

"ನಲವತ್ತು, ಮೇಷ್ಟ್ರೇ" ಎಂದಿತು ಕಿಟಕಿ.

ಮೂವತ್ತು ವರ್ಷದ ಬಾಕಿ ತೀರಿಸಿಕೊಳ್ಳುವ ಗಳಿಗೆ ಇದೇ ಎನ್ನಿಸಿತು. "ಮೂವತ್ತು ಮಾಡ್ಕೊಳ್ಳಿ ಅಕ್ಕಾ" ಎಂದೆ.

"ಆಗಲ್ಲ."

ನಾನು ಬೇಸರವನ್ನೇನೂ ತೋರಿಸದೆ ಬಾಗಿಲ ಕಡೆ ತಿರುಗಿದೆ. ಹೊಸ ಟೊಪ್ಪಿ ನೆಲದ ಮೇಲೆ ಟಣ್ ಟಣ್ ಎನ್ನುತ್ತಿತ್ತು. ಒಂದು, ಎರಡು, ಮೂರು, ನಾಲ್ಕು. ಐದನೆಯದಕ್ಕೆ ಕಾಲೆತ್ತಿ, ಎತ್ತಿದ ಹಾಗೆಯೇ ಸ್ವಲ್ಪ ಹೊತ್ತು ನಿಂತೆ. ಕಿಟಕಿ ಮಾತಾಡಲಿಲ್ಲ. ಐದು ಇಟ್ಟೆ, ಆರು ಇಟ್ಟೆ. ಗೇಟು ಬಂತು. ಗೇಟಿನಾಚೆ ಬೀದಿ ಬಂತು. ಕಡೆಗೆ ತಿರುಗಿ ನೋಡಿದರೆ, ಅಕ್ಕ ಕಿಟಕಿ ಬಿಟ್ಟು ಹೊಸ್ತಿಲಿಗೆ ಬಂದು, ಕೈ ನೀಡಿಕೊಂಡು, ನಗುತ್ತಾ ನಿಂತಿದ್ದರು.

"ಕೋಲು ನಿಮ್ಮ ಕೈಲಿದೆ ಮೇಷ್ಟ್ರೇ. ಸಾಮಾನು ಹಿಡ್ಕೊಂಡು ಹೆಜ್ಜೆ ಇಟ್ಟರೆ ಅದನ್ನ ಚೌಕಾಸಿ ಅನ್ನಲ್ಲ."

ಹಿಂತಿರುಗಿ ಹೋಗಿ ನಲವತ್ತೂ ಕೊಟ್ಟೆ. ಅಕ್ಕ ಎಣಿಸಿಕೊಂಡು ಒಳಗೆ ಹೋದರು. ಹೊರಗೆ ಬಂದಾಗ ಅವರ ಕೈಯಲ್ಲಿ ಎರಡು ನೋಟ್‌ಬುಕ್ಕುಗಳಿದ್ದವು.